ಸಭೆಯಲ್ಲಿ ಇಸ್ರೇಲ್ ಬಾವುಟ, ಶೋಫಾರ್: ಅನ್ಯಜನರಾದ (ಯೆಹೂದ್ಯರಲ್ಲದ) ನಮಗೆ ಇದೆಲ್ಲ ಬೇಕಾ?

ಸಾಯನ್‌ನವನು:
ಎಲ್ಲರಿಗೂ ನಮಸ್ಕಾರ. ಮುಂಬೈ, ಪುಣೆ, ಗೋವಾದ ಕನ್ನಡ ಕ್ರೈಸ್ತರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಾವು ಹೋಗುವ ಸಭೆ, ಅಂದರೆ ಚರ್ಚ್, ಚಿಕ್ಕದು. ಮೊದಲ ಮಹಡಿಯಲ್ಲಿ ಬಾಡಿಗೆ ಹಾಲ್, ಕೆಳಗೆ ಝೆರಾಕ್ಸ್ ಅಂಗಡಿ. ಕನ್ನಡ ಆರಾಧನೆ, ಮಧ್ಯೆ ಮಧ್ಯೆ ಹಿಂದಿ ಹಾಡು. ಪಾಸ್ಟರ್ ಈಚೆಗೆ ಜೆರೂಸಲೇಮ್ ಯಾತ್ರೆ ಮುಗಿಸಿ ಬಂದರು. ಅವರ ಹಿಂದೆಯೇ ವೇದಿಕೆಗೆ ಇಸ್ರೇಲ್ ಬಾವುಟವೂ ಬಂತು. ಈಗ ಆರಾಧನೆಗೆ ಮೊದಲು ಒಬ್ಬ ಹುಡುಗ ಶೋಫಾರ್, ಅಂದರೆ ಟಗರಿನ ಕೊಂಬು, ಊದುತ್ತಾನೆ. ಅವನಿಗೆ ಇನ್ನೂ ಸರಿಯಾಗಿ ಬರುವುದಿಲ್ಲ. ಮೊದಲ ದಿನ ಝೆರಾಕ್ಸ್ ಅಂಗಡಿಯವನು ಗಾಬರಿಯಾಗಿ ಮೇಲೆ ಓಡಿ ಬಂದ. ಮುಂದಿನ ವರ್ಷದಿಂದ ಯೆಹೂದ್ಯರ ಹಾಗೆಯೇ ಪಸ್ಕದ (ಐಗುಪ್ತದಿಂದ ಬಿಡುಗಡೆಯಾದ ನೆನಪಿನ ಹಬ್ಬ) ಊಟ ಮಾಡೋಣ, ಹಂದಿ ಮಾಂಸ ಬಿಡೋಣ ಅಂತಲೂ ಮಾತು ನಡೆದಿದೆ.

ಇನ್ನೊಂದು ಕಡೆ, ನಮ್ಮ ಹಿರಿಯರೊಬ್ಬರು ಪೂರ್ತಿ ವಿರುದ್ಧ. "ಯೆಹೂದ್ಯರ ಕಥೆ ಮುಗಿಯಿತು, ಯೇಸುವನ್ನು ಕೊಂದವರೇ ಅವರು, ಈಗ ಸಭೆಯೇ ಇಸ್ರೇಲ್, ಬೈಬಲ್ಲಿನಲ್ಲಿ ಅವರಿಗೆ ಕೊಟ್ಟ ಮಾತೆಲ್ಲ ನಮಗೆ" ಅನ್ನುತ್ತಾರೆ. ಬುಧವಾರದ ಬೈಬಲ್ ಅಧ್ಯಯನ ಎರಡು ಗುಂಪಾಗಿದೆ. ನನಗೆ ಎರಡೂ ಸರಿ ಕಾಣುತ್ತಿಲ್ಲ. ಆದರೆ ಯಾಕೆ ಸರಿಯಲ್ಲ ಅಂತ ಹೇಳಲೂ ಬರುತ್ತಿಲ್ಲ. ತಿಳಿದವರು ಹೇಳಿ.

ಪಿಂಪ್ರಿ ಬ್ರದರ್:
ಬ್ರದರ್, ಕರ್ತನ ನಾಮದಲ್ಲಿ ವಂದನೆ. ಇದರಲ್ಲಿ ಗೊಂದಲವೇ ಇಲ್ಲ. ದೇವರಿಗೆ ಎರಡು ಜನಾಂಗ. ಇಸ್ರಾಯೇಲಿಗೆ ಭೂಮಿಯ ಮೇಲಿನ ವಾಗ್ದಾನ, ಸಭೆಗೆ ಪರಲೋಕದ್ದು. ಅಬ್ರಹಾಮನಿಗೆ ಕೊಟ್ಟ ದೇಶ ಅಬ್ರಹಾಮನ ಸಂತಾನಕ್ಕೇ. ಅವರು ಮೆಸ್ಸೀಯನನ್ನು, ಅಂದರೆ ದೇವರು ಕಳಿಸಿದ ರಕ್ಷಕ ಯೇಸುವನ್ನು, ತಳ್ಳಿದ್ದರಿಂದ ಆ ಗಡಿಯಾರ ನಿಂತಿದೆ, ಈಗ ನಡೆಯುತ್ತಿರುವುದು ಸಭೆಯ ಕಾಲ. ಸಭೆ, ಅಂದರೆ ನಂಬಿದವರೆಲ್ಲ, ಪರಲೋಕಕ್ಕೆ ಎತ್ತಲ್ಪಟ್ಟ ಮೇಲೆ ಆ ಗಡಿಯಾರ ಮತ್ತೆ ಓಡುತ್ತದೆ. 1948ರಲ್ಲಿ ಇಸ್ರೇಲ್ ದೇಶ ಹುಟ್ಟಿತು ನೋಡಿ. ಎರಡು ಸಾವಿರ ವರ್ಷ ಚದುರಿದ ಜನ ಮತ್ತೆ ಸೇರಿದ್ದು ಸುಮ್ನೆ ಅಲ್ಲ. ಬಾವುಟ ಹಾಕುವುದು ನನಗೂ ಹಿಡಿಸುವುದಿಲ್ಲ. ಆದರೆ ಆ ಹಿರಿಯರು ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪು.

ಡೊಂಬಿವಲಿ ಮೇಷ್ಟ್ರು:
ಸಾಯನ್ ಅಣ್ಣ, ನಿಮ್ಮ ಸಭೆಯ ಎರಡು ಗುಂಪಿಗೂ ಒಂದೇ ರೋಗ ಅಂತ ನನ್ನ ಅಭಿಪ್ರಾಯ. ಅನ್ಯಜನರಾಗಿ ಇರುವುದು ಇಬ್ಬರಿಗೂ ಸಾಲುತ್ತಿಲ್ಲ. ಒಬ್ಬರಿಗೆ ಯೆಹೂದ್ಯರ ವೇಷ ಬೇಕು, ಇನ್ನೊಬ್ಬರಿಗೆ ಯೆಹೂದ್ಯರ ಮನೆಯೇ ಬೇಕು.

ಮೊದಲು ಅಪೊಸ್ತಲರ ಕೃತ್ಯಗಳು 10 ಓದಿ. ಯೇಸುವಿನ ಶಿಷ್ಯ ಪೇತ್ರ ಯೊಪ್ಪ ಪಟ್ಟಣದಲ್ಲಿ ಮಾಳಿಗೆಯ ಮೇಲೆ ಹಸಿದು ಕೂತಿದ್ದಾನೆ. ಆಕಾಶದಿಂದ ಜೋಳಿಗೆ ಇಳಿಯುತ್ತದೆ, ಅದರೊಳಗೆ ಯೆಹೂದ್ಯರು ತಿನ್ನಬಾರದ ಪ್ರಾಣಿಗಳೆಲ್ಲ ಇವೆ, ತಿನ್ನು ಅನ್ನುವ ದನಿ ಕೇಳುತ್ತದೆ. ಆಮೇಲೆ ಅವನು ಕೈಸರೈಯಕ್ಕೆ ಹೋಗಿ ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆ ಹೊಕ್ಕುತ್ತಾನೆ. ಜೆರೂಸಲೇಮಿಗೆ ವಾಪಸ್ ಬಂದಾಗ ಅವನ ಮೇಲಿದ್ದ ಆಪಾದನೆ ಏನು ಗೊತ್ತಾ? "ಅವರಿಗೆ ಯಾಕೆ ಬೋಧಿಸಿದೆ" ಅಂತಲ್ಲ. ಸುನ್ನತಿ ಇಲ್ಲದವರ ಮನೆಗೆ ಹೋಗಿ ಅವರ ಜೊತೆ ಊಟ ಮಾಡಿದೆ ಅನ್ನುವುದು. ಜಗಳ ಶುರುವಾಗಿದ್ದೇ ಊಟದಿಂದ.

ಹೆಚ್ಚುಕಡಿಮೆ ಕ್ರಿ.ಶ. 49ರ ಹೊತ್ತಿಗೆ ಇದು ಜೆರೂಸಲೇಮಿನಲ್ಲಿ ದೊಡ್ಡ ಚರ್ಚೆಯಾಗುತ್ತದೆ, 15ನೇ ಅಧ್ಯಾಯ. ಅನ್ಯಜನರು ಸುನ್ನತಿ ಮಾಡಿಸಿಕೊಂಡು, ಮೋಶೆಯ ಧರ್ಮಶಾಸ್ತ್ರ ಪಾಲಿಸಿದರೆ ಮಾತ್ರ ಒಳಗೆ ಬರಬಹುದು ಅಂತ ಕೆಲವರು. ನಮ್ಮ ಪಿತೃಗಳೂ ನಾವೂ ಹೊರಲಾರದ ನೊಗವನ್ನು ಇವರ ಹೆಗಲ ಮೇಲೆ ಯಾಕೆ ಇಡುತ್ತೀರಿ ಅಂತ ಪೇತ್ರ. ಕೊನೆಗೆ ಜೆರೂಸಲೇಮ್ ಸಭೆಯ ಮುಖಂಡ ಯಾಕೋಬ ತೀರ್ಪು ಹೇಳುತ್ತಾನೆ: ವಿಗ್ರಹಕ್ಕೆ ಅರ್ಪಿಸಿದ್ದು, ಹಾದರ, ಕುತ್ತಿಗೆ ಹಿಸುಕಿ ಕೊಂದದ್ದು, ರಕ್ತ, ಈ ನಾಲ್ಕು ಬಿಟ್ಟರೆ ಸಾಕು. ಶೋಫಾರ್ ಇಲ್ಲ, ಪಸ್ಕ ಇಲ್ಲ, ಹಂದಿಯ ಮಾತೇ ಇಲ್ಲ. ನಾವು ಯೆಹೂದ್ಯರಾಗದೆಯೇ ದೇವಜನ ಆಗಬಹುದು ಅಂತ ತೀರ್ಮಾನ ಮಾಡಿದವರು ಯೆಹೂದ್ಯರೇ. ಅಷ್ಟು ಕಷ್ಟಪಟ್ಟು ಬಿಡಿಸಿಕೊಟ್ಟದ್ದನ್ನು ನಾವೇ ಮತ್ತೆ ಹೊತ್ತುಕೊಳ್ಳುವುದು ಏನು ಭಕ್ತಿಯೋ!

ಯೆಹೂದ್ಯ ವಿಶ್ವಾಸಿ ಯೆಹೂದ್ಯನಾಗಿಯೇ ಇರಬಾರದು ಅಂತಲೂ ಯಾರೂ ಹೇಳಲಿಲ್ಲ. ಅಪೊಸ್ತಲ ಪೌಲ ತನ್ನ ಜೊತೆಗಾರ ತಿಮೊಥೆಯನಿಗೆ ಸುನ್ನತಿ ಮಾಡಿಸಿದ, ಅವನ ತಾಯಿ ಯೆಹೂದ್ಯಳು. ಇನ್ನೊಬ್ಬ ಜೊತೆಗಾರ ತೀತ ಗ್ರೀಕ, ಅವನಿಗೆ ಮಾಡಿಸಲಿಲ್ಲ. ಪೌಲನ ಮನಸ್ಸು ಈ ಎರಡರಲ್ಲೇ ಗೊತ್ತಾಗುತ್ತದೆ.

ಇನ್ನು ನಿಮ್ಮ ಹಿರಿಯರಿಗೆ ರೋಮಾಪುರ 11, ಅಂದರೆ ರೋಮಿನವರಿಗೆ ಪೌಲ ಬರೆದ ಪತ್ರಿಕೆ, ಓದಿಸಿ. ಎಣ್ಣೆಮರ, ಅಂದರೆ ಆಲಿವ್. ಕೆಲವು ಕೊಂಬೆ ಮುರಿದಿವೆ, ಕಾಡು ಎಣ್ಣೆಮರದ ಕೊಂಬೆಯಾದ ನಿನ್ನನ್ನು ಅಲ್ಲಿ ಕಸಿ ಮಾಡಿದ್ದಾರೆ. ರತ್ನಾಗಿರಿ ಕಡೆ ಆಪೂಸ್ ಕಸಿ ಮಾಡುವುದನ್ನು ನಾನು ನೋಡಿದ್ದೇನೆ. ಗೊರಟೆಯಿಂದ ಎದ್ದ ಕಾಟು ಮಾವಿನ ಸಸಿಯ ತಲೆ ಕತ್ತರಿಸಿ ಸೀಳುತ್ತಾರೆ. ಆಪೂಸಿನ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಆ ಸೀಳಿನಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತುತ್ತಾರೆ. ಬೇರು ಕಾಡಿನದು, ಕಡ್ಡಿ ಒಳ್ಳೆ ಜಾತಿಯದು. ಪೌಲ ಹೇಳುವುದು ಪೂರ್ತಿ ಉಲ್ಟಾ. ಇಲ್ಲಿ ಬೇರು ಒಳ್ಳೆಯದು, ಕಡ್ಡಿ ಕಾಡಿನದು. ಸಾಮಾನ್ಯವಾಗಿ ತೋಟಗಾರರು ಹೀಗೆ ಮಾಡುವುದಿಲ್ಲ, ಅದು ಪೌಲನಿಗೂ ಗೊತ್ತು, 24ನೇ ವಚನದಲ್ಲಿ ಇದು ಸ್ವಭಾವಕ್ಕೆ ವಿರುದ್ಧ ಅಂತ ಅವನೇ ಹೇಳುತ್ತಾನೆ. ಅದಕ್ಕೇ 18ನೇ ವಚನ: ಹೆಚ್ಚಳಪಡಬೇಡ, ಬೇರಿಗೆ ನೀನು ಆಧಾರವಲ್ಲ, ಬೇರೇ ನಿನಗೆ ಆಧಾರ.

ಪಿಂಪ್ರಿ ಬ್ರದರ್, ಅಲ್ಲಿರುವುದು ಒಂದೇ ಮರ. ಎರಡು ಮರ ನಿಮಗೆ ಎಲ್ಲಿ ಕಂಡಿತು?

ಪಿಂಪ್ರಿ ಬ್ರದರ್:
ಮೇಷ್ಟ್ರೇ, ಮರ ಒಂದೇ ಇರಬಹುದು, ಆದರೆ ಅದೇ ಅಧ್ಯಾಯದಲ್ಲಿ "ಇಸ್ರಾಯೇಲ್" ಮತ್ತು "ಅನ್ಯಜನರು" ಕೊನೆಯವರೆಗೂ ಬೇರೆ ಬೇರೆಯಾಗಿಯೇ ಇದ್ದಾರೆ. 29ನೇ ವಚನ ಮರೆಯಬೇಡಿ, ದೇವರ ವರಗಳೂ ಕರೆಯೂ ರದ್ದಾಗುವುದಿಲ್ಲ.

ಮಾಟುಂಗಾ ಓದುಗ:
ನಾನು ಕ್ರೈಸ್ತನಲ್ಲ, ಸುಮ್ನೆ ಓದುತ್ತಿದ್ದೆ. ಒಂದು ದಡ್ಡ ಪ್ರಶ್ನೆ. ಯೇಸು ಯೆಹೂದ್ಯ, ಶಿಷ್ಯರೆಲ್ಲ ಯೆಹೂದ್ಯರು, ಪೌಲನೂ ಯೆಹೂದ್ಯ. ಹಾಗಾದ್ರೆ ಇದು ಬೇರೆ ಧರ್ಮ ಆಗಿದ್ದು ಯಾವಾಗ?

ಡೊಂಬಿವಲಿ ಮೇಷ್ಟ್ರು:
ದಡ್ಡ ಪ್ರಶ್ನೆ ಅಲ್ಲ ಸರ್. ಇಂಥ ದಿನ ಅಂತ ಹೇಳಲು ಆಗುವುದಿಲ್ಲ. ಕ್ರಿ.ಶ. 70ರಲ್ಲಿ ರೋಮನ್ನರು ಜೆರೂಸಲೇಮಿನ ದೇವಾಲಯ ಸುಟ್ಟರು, ಅಲ್ಲಿಂದ ಎರಡೂ ಕಡೆಯವರ ದಾರಿ ನಿಧಾನವಾಗಿ ಬೇರೆಯಾಯಿತು. ಸಭೆಯಲ್ಲಿ ಅನ್ಯಜನರೇ ಜಾಸ್ತಿಯಾದರು. 144ರ ಸುಮಾರಿಗೆ ಮಾರ್ಸಿಯಾನ್ ಅನ್ನುವವನು ಹಳೆ ಒಡಂಬಡಿಕೆಯೇ (ಬೈಬಲ್ಲಿನಲ್ಲಿ ಯೆಹೂದ್ಯರಿಂದ ಬಂದ ಭಾಗ) ಬೇಡ, ಆ ದೇವರೇ ಬೇರೆ ಅಂದ. ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಅದು ಒಳ್ಳೆಯದೇ ಆಯಿತು. ಆದರೆ ಅದೇ ಶತಮಾನದಲ್ಲಿ ಹುತಾತ್ಮ ಜಸ್ಟಿನ್, ನಿಜವಾದ ಇಸ್ರಾಯೇಲ್ ನಾವೇ ಅಂತ ಬರೆದ. ಸಾಯನ್ ಅಣ್ಣನ ಹಿರಿಯರ ಮಾತು ಅಷ್ಟು ಹಳೆಯದು.

ಶೋಫಾರಿನ ಆಸೆಯೂ ಹೊಸದಲ್ಲ. 386-87ರಲ್ಲಿ ಅಂತಿಯೋಕ್ಯದಲ್ಲಿ ಯೊಹಾನ ಕ್ರಿಸೋಸ್ಟಮ್ ಅನ್ನುವ ಪಾದ್ರಿ ಯೆಹೂದ್ಯರ ವಿರುದ್ಧ ಸಾಲು ಸಾಲು ಪ್ರಸಂಗ ಮಾಡಿದ. ಯಾಕೆ? ಅವನ ಸಭೆಯ ಜನವೇ ಹಬ್ಬ ಬಂದರೆ ಸಿನಗಾಗಿಗೆ (ಯೆಹೂದ್ಯರ ಪ್ರಾರ್ಥನಾ ಮಂದಿರ) ಹೋಗುತ್ತಿದ್ದರು, ಕೊಂಬಿನ ಹಬ್ಬ ನೋಡಲು. ಅವರನ್ನು ತಡೆಯಲು ಹೊರಟವನು ಯೆಹೂದ್ಯರನ್ನು ಬಾಯಿಗೆ ಬಂದ ಹಾಗೆ ಬೈದ. ಆ ಬೈಗುಳ ಮುಂದೆ ಶತಮಾನಗಟ್ಟಲೆ ಕೆಟ್ಟ ಕೆಲಸಕ್ಕೆ ಬಳಕೆಯಾಯಿತು. ನಾವು ಪ್ರಾಟೆಸ್ಟಂಟರು ಬೀಗಬೇಕಿಲ್ಲ. ನಮ್ಮ ಪಂಥಕ್ಕೆ ನಾಂದಿ ಹಾಡಿದ ಲೂಥರ್ 1523ರಲ್ಲಿ ಯೇಸು ಹುಟ್ಟಿನಿಂದ ಯೆಹೂದ್ಯ ಅಂತ ಪ್ರೀತಿಯಿಂದ ಬರೆದವನು, 1543ರಲ್ಲಿ ಅವರ ಸಿನಗಾಗುಗಳನ್ನು ಸುಡಿ ಅಂತ ಬರೆದ. ಯೆಹೂದ್ಯರು ತನ್ನ ಕಡೆ ಬರಲಿಲ್ಲ ಅನ್ನುವ ಸಿಟ್ಟೂ ಅದರಲ್ಲಿತ್ತು.

ಠಾಣೆ, ಮೂಲ ಬೀದರ್:
ನಮ್ಮದು ಬೀದರ್ ಕಡೆಯ ಮೆಥಡಿಸ್ಟ್ ಮನೆತನ. ಊರಿನಲ್ಲಿ ನಮ್ಮ ಅಜ್ಜಂದಿರಿಗೆ ಗುಡಿಯೊಳಗೆ ಪ್ರವೇಶ ಇರಲಿಲ್ಲ, ಬಾವಿಯೂ ಬೇರೆ. ಹಾಗಾಗಿ ನಾನು ಈ ವಿಷಯವನ್ನು ಇಸ್ರೇಲಿನ ಕಡೆಯಿಂದ ಓದುವುದಿಲ್ಲ, ಗೋಡೆಯ ಹೊರಗೆ ನಿಂತವರ ಕಡೆಯಿಂದ ಓದುತ್ತೇನೆ.

ಗೋಡೆ ಅಂದದ್ದು ಮಾತಿಗಲ್ಲ, ನಿಜವಾಗಿ ಇತ್ತು. ಜೆರೂಸಲೇಮಿನ ದೇವಾಲಯದಲ್ಲಿ ಅನ್ಯಜನರು ಹೊರಗಿನ ಅಂಗಳದವರೆಗೆ ಬರಬಹುದಿತ್ತು. ಅಲ್ಲಿಂದ ಮುಂದೆ ಕಲ್ಲಿನ ಕಟಕಟೆ, ಅದರ ಮೇಲೆ ಗ್ರೀಕಿನಲ್ಲಿ ಎಚ್ಚರಿಕೆ: ಪರದೇಶದವನು ಯಾರೂ ಇದನ್ನು ದಾಟಬಾರದು, ದಾಟಿ ಸಿಕ್ಕಿಬಿದ್ದರೆ ತನ್ನ ಸಾವಿಗೆ ತಾನೇ ಹೊಣೆ. ಅಂಥ ಒಂದು ಕಲ್ಲು 1871ರಲ್ಲಿ ಕ್ಲೆರ್ಮಾಂಟ್-ಗಾನೋ ಅನ್ನುವ ಫ್ರೆಂಚ್ ವಿದ್ವಾಂಸರಿಗೆ ಸಿಕ್ಕಿತು, ಈಗ ಇಸ್ತಾಂಬುಲ್ ಮ್ಯೂಸಿಯಮ್ಮಿನಲ್ಲಿದೆ. ಪೌಲನನ್ನು ಜನ ಹಿಡಿದು ಹೊಡೆದದ್ದು ಇದೇ ವಿಷಯಕ್ಕೆ. ಎಫೆಸದ ತ್ರೊಫಿಮನನ್ನು ದೇವಾಲಯದ ಒಳಗೆ ಕರೆತಂದ ಅಂತ ಅವನ ಮೇಲೆ ಆಪಾದನೆ, ಕೃತ್ಯಗಳು 21. ಅದೇ ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ, ಕ್ರಿಸ್ತನು ನಡುವೆ ಇದ್ದ ಅಡ್ಡಗೋಡೆಯನ್ನು ಕೆಡವಿದ ಅಂತ ಬರುತ್ತದೆ. ಇದನ್ನು ಓದಿದಾಗ ನಮ್ಮಂಥವರಿಗೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಇನ್ನು ಗಲಾತ್ಯದವರಿಗೆ ಪೌಲ ಬರೆದ ಪತ್ರಿಕೆ, ಗಲಾತ್ಯ 2. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯಾಕೋಬನ ಕಡೆಯವರು ಬಂದ ಕೂಡಲೇ ಎದ್ದು ಬೇರೆ ಕೂತ, ಬಾರ್ನಬನೂ ಅವನ ಹಿಂದೆ ಹೋದ. ಪೌಲ ಎಲ್ಲರ ಮುಂದೆ ಮುಖಕ್ಕೆ ಹೇಳಿದ. ಇದಕ್ಕೆ ನಮ್ಮಲ್ಲಿ ಪಂಕ್ತಿಭೇದ ಅನ್ನುತ್ತಾರೆ, ಬೇರೆ ಹೆಸರು ಹುಡುಕಬೇಕಿಲ್ಲ. ಯೆಹೂದ್ಯನೂ ಗ್ರೀಕನೂ ಒಂದೇ ಮೇಜಿನಲ್ಲಿ ಉಣ್ಣುವುದು ಸುವಾರ್ತೆಯ ಅಲಂಕಾರ ಅಲ್ಲ, ಅದೇ ಸುವಾರ್ತೆ ಅಂತ ಪೌಲ ವಾದಿಸಿದ. ಇಷ್ಟು ಓದಿದ ಮೇಲೂ ನಮ್ಮ ಸಭೆಗಳಲ್ಲಿ ಮದುವೆ ಸಂಬಂಧ ನೋಡುವಾಗ "ನೀವು ಮೊದಲು ಯಾರು" ಅಂತ ಕೇಳುತ್ತಾರೆ. ಇಸ್ರೇಲ್ ಬಾವುಟಕ್ಕೆ ಜಾಗ ಇದೆ, ಆ ಪ್ರಶ್ನೆಗೆ ಉತ್ತರ ಇಲ್ಲ.

ಸಾಯನ್‌ನವನು:
ಬೀದರ್ ಅಕ್ಕ, ಇದನ್ನು ಬುಧವಾರ ಓದಿ ಹೇಳಲಾ? ಹೆಸರು ಹಾಕುವುದಿಲ್ಲ.

ಠಾಣೆ, ಮೂಲ ಬೀದರ್:
ಧಾರಾಳವಾಗಿ ಓದಿ. ಮದುವೆಯ ವಿಷಯ ಬಿಡಬೇಡಿ, ಅದನ್ನೇ ಎಲ್ಲರೂ ಬಿಡುತ್ತಾರೆ.

ವಾಸ್ಕೋ ಅಕ್ಕ:
ನಾನು ಕಥೋಲಿಕಳು, ಹುಟ್ಟಿದ್ದು ಕಾರವಾರ, ಈಗ ಗೋವಾ. "ಯೇಸುವನ್ನು ಕೊಂದವರು" ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ, ಯಾಕೆಂದರೆ ಆ ಮಾತಿನ ಫಲ ಈ ಊರು ನೋಡಿದೆ.

ಪೋರ್ಚುಗಲ್ಲಿನಲ್ಲಿ 1497ರಲ್ಲಿ ಯೆಹೂದ್ಯರಿಗೆ ಬಲವಂತವಾಗಿ ದೀಕ್ಷಾಸ್ನಾನ ಮಾಡಿಸಿದರು. ಅವರಿಗೆ "ಹೊಸ ಕ್ರೈಸ್ತರು" ಅಂತ ಹೆಸರು. ಕೆಲವರು ತಪ್ಪಿಸಿಕೊಂಡು ಗೋವಾಕ್ಕೆ ಬಂದರು. 1560ರಲ್ಲಿ ಇಲ್ಲಿಗೂ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಸಭೆಯ ನ್ಯಾಯಾಲಯ, ಬಂತು, ಮಧ್ಯೆ ಕೆಲವು ವರ್ಷ ನಿಂತಿದ್ದು ಬಿಟ್ಟರೆ 1812ರವರೆಗೆ ನಡೆಯಿತು. ಹಂದಿ ತಿನ್ನದಿದ್ದರೆ ಅನುಮಾನ, ಶನಿವಾರ ಕೆಲಸ ಮಾಡದಿದ್ದರೆ ಅನುಮಾನ. ಗಾರ್ಸಿಯಾ ಡ ಓರ್ಟಾ ಅಂತ ವೈದ್ಯ, ಹಿಂದೂಸ್ತಾನದ ಗಿಡಮೂಲಿಕೆಗಳ ಬಗ್ಗೆ ಅವನು ಬರೆದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಅವನು ಸತ್ತ ಮೇಲೆ, 1569ರಲ್ಲಿ, ಅವನ ತಂಗಿ ಕತಾರಿನಾಳನ್ನು ಸುಟ್ಟರು. 1580ರಲ್ಲಿ ಅವನ ಎಲುಬುಗಳನ್ನು ಅಗೆದು ತೆಗೆದು ಸುಟ್ಟರು. ಈಗ ಪಣಜಿಯ ಪಾರ್ಕಿಗೆ ಅವನದೇ ಹೆಸರು. ದೀಕ್ಷಾಸ್ನಾನ ಆದ ಮೇಲೂ ರಕ್ತ ನೋಡಿ ಯೆಹೂದ್ಯ ಅಂತ ಗುರುತಿಸಿದರು ಅಂದರೆ, ಕ್ರಿಸ್ತನಲ್ಲಿ ಯೆಹೂದ್ಯನೂ ಇಲ್ಲ ಗ್ರೀಕನೂ ಇಲ್ಲ ಅನ್ನುವ ಗಲಾತ್ಯ 3:28ನ್ನು ಅವರು ಎಷ್ಟು ನಂಬಿದ್ದರು ಅಂತ ನೀವೇ ಲೆಕ್ಕ ಹಾಕಿ.

ನಮ್ಮ ಸಭೆ ತಿರುಗಿದ್ದು ತಡವಾಗಿ, ಆದರೂ ತಿರುಗಿತು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರನ್ನು ವಿಶ್ವಾಸವಿಲ್ಲದವರು ಅನ್ನುವ ಲ್ಯಾಟಿನ್ ವಿಶೇಷಣ ಇತ್ತು, 1959ರಲ್ಲಿ ಪೋಪ್ 23ನೇ ಜಾನ್ ಅದನ್ನು ತೆಗೆಸಿದರು. ಅವರ ನಂತರದ ಪೋಪ್ ಆರನೇ ಪೌಲರು 1964ರ ಡಿಸೆಂಬರಿನಲ್ಲಿ ಬಾಂಬೆಗೆ ಬಂದಿದ್ದರಲ್ಲ, ಮರುವರ್ಷ ಅಕ್ಟೋಬರ್ 28ಕ್ಕೆ ಅವರ ಕೈಯಲ್ಲೇ "ನೊಸ್ತ್ರಾ ಐತಾತೆ" ಅನ್ನುವ ಸಭೆಯ ಘೋಷಣೆ ಹೊರಬಂತು. ಯೇಸುವಿನ ಸಾವಿನ ಅಪರಾಧವನ್ನು ಅಂದಿನ ಎಲ್ಲ ಯೆಹೂದ್ಯರ ಮೇಲೂ, ಇಂದಿನ ಯೆಹೂದ್ಯರ ಮೇಲೂ ಹೊರಿಸಬಾರದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಮೇಷ್ಟ್ರು ಹೇಳಿದ ಎಣ್ಣೆಮರವೂ ಅಲ್ಲೇ ಇದೆ. 2015ರಲ್ಲಿ ವ್ಯಾಟಿಕನ್ ಇನ್ನೊಂದು ಬರಹ ತಂದಿತು. ಯೆಹೂದ್ಯರನ್ನು ಮತಾಂತರ ಮಾಡಲೆಂದೇ ಸಂಸ್ಥೆ ಕಟ್ಟುವ ಕೆಲಸವನ್ನು ಕಥೋಲಿಕ ಸಭೆ ಮಾಡುವುದೂ ಇಲ್ಲ, ಬೆಂಬಲಿಸುವುದೂ ಇಲ್ಲ ಅಂತ.

ಒಂದು ತಮಾಷೆ ಹೇಳಿ ಮುಗಿಸುತ್ತೇನೆ. ಯಾಕೋಬನ ತೀರ್ಪಿನ ಪ್ರಕಾರ ರಕ್ತ ತಿನ್ನಬಾರದು ಅಲ್ವಾ? ಗೋವಾದಲ್ಲಿ ನಮ್ಮವರ ಮದುವೆಗೆ ಸೊರ್ಪೊತೆಲ್, ಅಂದರೆ ಹಂದಿ ಮಾಂಸದ ಪದಾರ್ಥ, ಇಲ್ಲದೆ ಆಗುವುದಿಲ್ಲ. ಹಳೆ ಕೈಯವರು ಅದಕ್ಕೆ ಹಂದಿಯ ರಕ್ತ ಹಾಕಿಯೇ ಮಾಡುತ್ತಾರೆ, ವಿನೆಗರ್ ಸೇರಿಸಿ ಇಟ್ಟರೆ ದಿನ ಕಳೆದಂತೆ ರುಚಿ ಏರುತ್ತದೆ. ಮೇಷ್ಟ್ರೇ, ಇದಕ್ಕೇನು ಹೇಳುತ್ತೀರಿ?

ಡೊಂಬಿವಲಿ ಮೇಷ್ಟ್ರು:
ಅಕ್ಕ, ನಿಮ್ಮ ಸಭೆಯೇ ಅಪ್ಪಣೆ ಕೊಟ್ಟಿದೆ! 1442ರ ಫ್ಲಾರೆನ್ಸ್ ಮಹಾಸಭೆಯ ಆಜ್ಞೆಪತ್ರ ನೋಡಿ. ರಕ್ತದ ನಿಷೇಧ ಇದ್ದದ್ದು ಯೆಹೂದ್ಯರೂ ಅನ್ಯಜನರೂ ಕೂಡಿ ಬಾಳಲಿ ಅಂತ. ಆ ಕಾರಣ ಈಗ ಇಲ್ಲ, ಹಾಗಾಗಿ ನಿಷೇಧವೂ ಇಲ್ಲ ಅಂತ ಅದರಲ್ಲಿದೆ. ಆದರೆ ಅದೇ ಪತ್ರದಲ್ಲಿ, ಸಭೆಗೆ ಸೇರದ ಯೆಹೂದ್ಯರು ನಿತ್ಯದ ಬೆಂಕಿಗೆ ಹೋಗುತ್ತಾರೆ ಅಂತಲೂ ಇದೆ. ಒಂದೇ ಮೇಜಿಗೆ ಬರಲಿ ಅಂತ ಮಾಡಿದ ನಿಯಮ, ಆ ಮೇಜಿನಲ್ಲಿ ಯೆಹೂದ್ಯರೇ ಇಲ್ಲದ ಮೇಲೆ ಕೆಲಸಕ್ಕೆ ಬಾರದೆ ಹೋಯಿತು. ನನಗೆ ಸೊರ್ಪೊತೆಲ್‌ಗಿಂತ ಇದು ಜಾಸ್ತಿ ಚುಚ್ಚುತ್ತದೆ.

ಪಿಂಪ್ರಿ ಬ್ರದರ್:
2015ರದ್ದು ನನಗೆ ಒಪ್ಪಿಗೆ ಇಲ್ಲ ಅಕ್ಕ. ಸುವಾರ್ತೆ "ಮೊದಲು ಯೆಹೂದ್ಯನಿಗೆ" ಅಂತ ರೋಮಾಪುರ 1:16ರಲ್ಲಿದೆ. ಯೆಹೂದ್ಯನಿಗೆ ಯೇಸುವನ್ನು ಹೇಳಬೇಡಿ ಅಂದರೆ ಅದು ಪ್ರೀತಿಯಾ?

ವಾಸ್ಕೋ ಅಕ್ಕ:
ಸಾಕ್ಷಿ ಹೇಳಬೇಡಿ ಅಂತ ಅದರಲ್ಲಿ ಇಲ್ಲ ಬ್ರದರ್. ವಿನಯದಿಂದ ಹೇಳಿ ಅಂತ ಇದೆ, ಅವರ ಮೇಲೆ ನಡೆದದ್ದನ್ನು ನೆನಪಿಟ್ಟುಕೊಂಡು. ಸುಟ್ಟವರ ಮನೆಯವರು ಸ್ವಲ್ಪ ಮೆತ್ತಗೆ ಮಾತಾಡಬೇಕು.

ಪುಣೆ ಕ್ಯಾಂಪ್:
ಎಲ್ಲರೂ ಪುಸ್ತಕದ ಯೆಹೂದ್ಯರ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮ ನೆರೆಯಲ್ಲೇ ಇರುವವರ ಬಗ್ಗೆ ಯಾರೂ ಹೇಳಲಿಲ್ಲ. ಪುಣೆಯ ಕ್ಯಾಂಪಿನಲ್ಲಿ ಕೆಂಪು ಇಟ್ಟಿಗೆಯ ಓಹೆಲ್ ಡೇವಿಡ್ ಸಿನಗಾಗ್ ಇದೆ, 1867ರದ್ದು, ಜನ ಲಾಲ್ ದೇವಳ ಅನ್ನುತ್ತಾರೆ. ಎತ್ತರದ ಗಡಿಯಾರದ ಗೋಪುರ ನೋಡಿ ಹೊಸಬರು ಚರ್ಚ್ ಅಂದುಕೊಳ್ಳುತ್ತಾರೆ. ಕಟ್ಟಿಸಿದ ಡೇವಿಡ್ ಸಸೂನ್ ಸಮಾಧಿಯೂ ಅಲ್ಲೇ.

ಕೊಂಕಣದ ಯೆಹೂದ್ಯರಾದ ಬೆನೆ ಇಸ್ರೇಲ್ ಜನ ಇನ್ನೂ ಹಳಬರು. ಅಲಿಬಾಗ್ ಹತ್ತಿರ ನವಗಾಂವ್‌ನಲ್ಲಿ ಹಡಗು ಒಡೆದು ಏಳು ಜೋಡಿ ಉಳಿದರು ಅಂತ ಅವರ ಹೇಳಿಕೆ. ಗಾಣದ ಕೆಲಸ ಮಾಡುತ್ತಿದ್ದರು, ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೆ "ಶನಿವಾರ್ ತೇಲಿ". ಮುಂಬೈನ ಮಸ್ಜಿದ್ ಬಂದರ್ ಸ್ಟೇಷನ್ ಹತ್ತಿರ ಸ್ಯಾಮ್ಯುಯೆಲ್ ಸ್ಟ್ರೀಟಿನಲ್ಲಿ ಅವರ ಮೊದಲ ಸಿನಗಾಗ್, 1796ರದ್ದು. ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಕಂಪನಿ ಸೈನ್ಯದಲ್ಲಿದ್ದು ನಮ್ಮ ಟಿಪ್ಪುವಿನ ಸೆರೆ ಸಿಕ್ಕಿದ್ದವನು. ಬೆನೆ ಇಸ್ರೇಲ್ ಅಂದ ಹೆಸರು ಕುರಾನಿನಲ್ಲಿದೆ ಅಂತ ಟಿಪ್ಪುವಿನ ತಾಯಿ ಜೀವ ಉಳಿಸಿದರು, ಆ ಹರಕೆಗೆ ಕಟ್ಟಿಸಿದ ಅಂತ ಅವರಲ್ಲಿ ಕಥೆ ಇದೆ.

ಇನ್ನೊಂದು ಸಂಗತಿ. ಇವರನ್ನು ಕ್ರೈಸ್ತರಾಗಿಸಲು ಸ್ಕಾಟ್ಲೆಂಡಿನ ಮಿಷನರಿ ಜಾನ್ ವಿಲ್ಸನ್ ಶಾಲೆ ತೆರೆದರು, ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನೂ ಬರೆದರು. ಬೆನೆ ಇಸ್ರೇಲ್ ಮಕ್ಕಳು ಚೆನ್ನಾಗಿ ಹೀಬ್ರೂ ಕಲಿತರು, ತಮ್ಮ ಧರ್ಮವನ್ನೇ ಇನ್ನೂ ಗಟ್ಟಿಯಾಗಿ ಹಿಡಿದರು. ಕ್ರೈಸ್ತರಾದವರು ಬೆರಳೆಣಿಕೆ.

ನಮ್ಮ ಬಿಲ್ಡಿಂಗಿನಲ್ಲಿ ಒಬ್ಬ ಬೆನೆ ಇಸ್ರೇಲ್ ಆಜಿ ಇದ್ದಾರೆ. ಸಭೆಯಲ್ಲಿ ಶೋಫಾರ್ ಊದುತ್ತಾರಂತೆ ಅಂತ ಹೇಳಿದೆ. "ನಮ್ಮಲ್ಲಿ ಅದು ಹೊಸ ವರ್ಷಕ್ಕೆ, ಪಶ್ಚಾತ್ತಾಪಕ್ಕೆ. ನಿಮ್ಮವರು ಯಾವುದಕ್ಕೆ ಊದುತ್ತಾರೆ?" ಅಂತ ಮರಾಠಿಯಲ್ಲಿ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಸಾಯನ್ ಅಣ್ಣ, ನಿಮ್ಮ ಪಾಸ್ಟರನ್ನು ಕೇಳಿ ನೋಡಿ.

ಸಾಯನ್‌ನವನು:
ಕೇಳುತ್ತೇನೆ. ಇನ್ನೊಂದೇ ಪ್ರಶ್ನೆ ಉಳಿಯಿತು. "ಇಸ್ರಾಯೇಲ್ ಜನರೆಲ್ಲರೂ ರಕ್ಷಣೆ ಹೊಂದುವರು" ಅಂತ ರೋಮಾಪುರ 11:26ರಲ್ಲಿ ಇದೆಯಲ್ಲ, ಎರಡೂ ಗುಂಪು ಅದನ್ನೇ ತೋರಿಸುತ್ತಾರೆ.

ಡೊಂಬಿವಲಿ ಮೇಷ್ಟ್ರು:
ಅದನ್ನು ಮೂರು ರೀತಿ ಓದುತ್ತಾರೆ. 16ನೇ ಶತಮಾನದ ಪ್ರಾಟೆಸ್ಟಂಟ್ ಪಂಡಿತ ಕಾಲ್ವಿನ್‌ಗೆ ಅಲ್ಲಿ ಇಸ್ರಾಯೇಲ್ ಅಂದರೆ ನಂಬಿದ ಯೆಹೂದ್ಯರೂ ಅನ್ಯಜನರೂ ಸೇರಿದ ಪೂರ್ತಿ ದೇವಜನ. ಕೆಲವರಿಗೆ ಅದು ಎಲ್ಲ ಕಾಲದಲ್ಲೂ ನಂಬಿದ ಯೆಹೂದ್ಯರು. ಹೆಚ್ಚಿನವರು, ನಾನೂ, ಕೊನೆಗೆ ಆ ಜನಾಂಗವೇ ತಿರುಗುತ್ತದೆ ಅಂತ ಓದುತ್ತೇವೆ. ಯಾಕೆಂದರೆ ಅದರ ಹಿಂದಿನ ವಚನದಲ್ಲಿ ಇಸ್ರಾಯೇಲ್ ಅಂದರೆ ಯೆಹೂದ್ಯರು, ಮುಂದಿನ ವಚನಗಳಲ್ಲೂ ಅವರೇ. ನಡುವೆ ಒಂದೇ ವಚನದಲ್ಲಿ ಅದು ಸಭೆ ಆಗಿಬಿಡುವುದು ಹೇಗೆ? ಇಷ್ಟರ ಮಟ್ಟಿಗೆ ಪಿಂಪ್ರಿ ಬ್ರದರ್ ಪರ ನಾನು.

ಆದರೆ ಅಲ್ಲಿಂದ ಬಾವುಟಕ್ಕೆ ಹಾರಬೇಡಿ. ಎರಡು ಜನಾಂಗ, ಸಭೆ ಎತ್ತಲ್ಪಡುವುದು, ಈ ಪಟ್ಟಿ ಹೀಗೆ ಸಿದ್ಧವಾಗಿದ್ದು 19ನೇ ಶತಮಾನದಲ್ಲಿ, ಜಾನ್ ನೆಲ್ಸನ್ ಡಾರ್ಬಿ ಅನ್ನುವ ಬೋಧಕನಿಂದ. 1909ರಲ್ಲಿ ಅಮೆರಿಕದ ಸ್ಕೋಫೀಲ್ಡ್ ಅದನ್ನು ಬೈಬಲ್ಲಿನ ಅಡಿಟಿಪ್ಪಣಿಗೆ ಇಳಿಸಿದ ಮೇಲೆ ಊರೂರಿಗೆ ಹಬ್ಬಿತು. ಯೆಹೂದ್ಯರನ್ನು ದೇವರು ಕೈಬಿಟ್ಟಿಲ್ಲ ಅಂತ ನಂಬಲು ಅದೆಲ್ಲ ಬೇಕಿಲ್ಲ, ಪೌಲ ಸಾಕು. ಒಂದು ಸರ್ಕಾರದ ಪ್ರತಿ ಕೆಲಸಕ್ಕೂ ಆಮೆನ್ ಅನ್ನುವುದೂ ಬೇಕಿಲ್ಲ. ಬೆತ್ಲೆಹೇಮಿನಲ್ಲಿ ಅರಬ್ಬಿ ಮಾತಾಡುವ ಕ್ರೈಸ್ತರಿದ್ದಾರೆ, ಅವರೂ ಅದೇ ಮರಕ್ಕೆ ಕಸಿಯಾದ ಕೊಂಬೆಗಳೇ. ನಿಮ್ಮ ಬಾವುಟ ಅವರ ಕಣ್ಣಿಗೆ ಬಿದ್ದರೆ ಏನನ್ನಿಸಬಹುದು ಅಂತ ಪಾಸ್ಟರ್ ಯೋಚಿಸಲಿ.

ಪಿಂಪ್ರಿ ಬ್ರದರ್:
ಡಾರ್ಬಿಗಿಂತ ಮುಂಚೆ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯನ್ನು ನಂಬಿದವರು ಇದ್ದರು, ಜಸ್ಟಿನ್‌ನೇ ನಂಬಿದ್ದ. ಪ್ರಕಟನೆ 20 ತೆಗೆಯಲಾ?

ಸಾಯನ್‌ನವನು:
ಬ್ರದರ್, ದಯವಿಟ್ಟು ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ. ಇದನ್ನು ಪ್ರಿಂಟ್ ತೆಗೆಸಿ ಬುಧವಾರ ಎರಡೂ ಗುಂಪಿಗೆ ಕೊಡುತ್ತಿದ್ದೇನೆ, ರೋಮಾಪುರ 11 ಮತ್ತು ಗಲಾತ್ಯ 2 ಪೂರ್ತಿ ಓದಿಕೊಂಡು ಬನ್ನಿ ಅಂತ ಹೇಳಿ. ಹಂದಿ ಮಾಂಸದ ವಿಷಯ ಕಮಿಟಿಯ ಮುಂದಿದೆ, ಅಲ್ಲಿ ಬೀದರ್ ಕಡೆಯವರೇ ಜಾಸ್ತಿ, ಅದು ಪಾಸಾಗುವ ಹಾಗೆ ಕಾಣುವುದಿಲ್ಲ.